ಬಗ್ಗಿ ನೋಡಿದ್ರಾ?

ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ಕೆಲಸದ ನಡುವೆ ನಿಮ್ಮ ಕಂಪ್ಯೂಟರಿನ ಮೌಸು ನಿಂತುಬಿಟ್ಟಾಗ ಮೊಟ್ಟಮೊದಲು ಏನು ಮಾಡ್ತೀರಿ? ‘ತಾಳ್ಮೆಯಿಂದ ಕಾರಣ ಹುಡುಕ್ತೀನಿ’ ಅಂತೆಲ್ಲ ಹೇಳಬೇಡಿ. ನಾನೇನು ನಿಮಗೆ ಕೆಲಸ ಕೊಡೋಕೆ ಇಂಟರ್‌ವ್ಯೂ ಮಾಡ್ತಾ ಇಲ್ಲ.

ಎತ್ತಿ ಟೇಬಲ್ಲಿಗೆ ಕುಟ್ತೀರಿ. ಹೌದು ತಾನೇ? ಒಂದಲ್ಲ, ಎರಡು ಸಲ. ಮೊದಲನೇದು ಮೆತ್ತಗೆ, ಎರಡನೇದು ಸಿಟ್ಟಿಗೆ. ಆಮೇಲೆ ಅಂಗಾತ ಮಲಗಿಸಿ ಹೊಟ್ಟೆ ನೋಡ್ತೀರಿ (ಅಲ್ಲೇನು ಕಾಯಿಲೆ ಹೆಸರು ಬರೆದಿರುತ್ತಾ?). ಕೀಬೋರ್ಡಾದ್ರೆ ಎಂಟರ್ ಬಟನ್ನಿಗೆ ಹತ್ತು ಗುದ್ದು. ಮೆತ್ತಗೆ ಒತ್ತಿದ್ದು ಕೇಳಿಸದಿದ್ರೆ ಜೋರಾಗಿ ಒತ್ತಿದ್ದು ಕೇಳಿಸೀತು ಅಂತ ನಮ್ಮ ನಂಬಿಕೆ.

ಅದೂ ಆಗಲಿಲ್ಲ ಅಂದ್ರೆ ಕುರ್ಚಿ ತಿರುಗಿಸಿ ಇಡೀ ಮನೆಗೆ ಕೇಳಿಸೋ ಹಾಗೆ, ‘ಯಾರು ಮುಟ್ಟಿದ್ದು ಇದನ್ನ?’ ಮಗ ಗೇಮ್ ಆಡಿದ್ದು, ಕೆಲಸದವರು ಧೂಳು ಹೊಡೆದದ್ದು, ಕರೆಂಟು ಹೋಗಿ ಬಂದದ್ದು, ವೈರಸ್ಸು, ಅಪ್‌ಡೇಟು. ಎಲ್ಲರ ಹೆಸರೂ ಪಟ್ಟಿಗೆ ಬರುತ್ತೆ. ಒಂದು ಹೆಸರು ಮಾತ್ರ ಬರಲ್ಲ. (ಯಾರದ್ದು ಅಂತ ಬಾಯಿಬಿಟ್ಟು ಹೇಳಬೇಕಾ?)

ನಗಬೇಡಿ, ನಾನೂ ನಿಮ್ಮ ಜಾತಿಯೇ. 2025ರ ಆಯುಧಪೂಜೆ ದಿನ ನಮ್ಮನೇಲಿ ನಡೆದದ್ದು ಕೇಳಿ. ನಮ್ಮ ಮನೆಯ ಆಯುಧ ಅಂದ್ರೆ ಎಷ್ಟು? ಈಳಿಗೆಮಣೆ, ಮಿಕ್ಸಿ, ಸ್ಕೂಟರು, ಮೂಲೇಲಿ ಕೂತಿರೋ ಕಂಪ್ಯೂಟರು. ವರ್ಷಕ್ಕೊಂದು ಸಲ ಇವಕ್ಕೆಲ್ಲ ಅಭ್ಯಂಜನ. ಕಂಪ್ಯೂಟರಿಗೆ ನೀರು ಹುಯ್ಯೋ ಹಾಗಿಲ್ವಲ್ಲ, ಅದಕ್ಕೆ ಬಟ್ಟೆಯ ಒರೆಸಾಟ.

ವೈರೆಲ್ಲ ಕಿತ್ತೆ. ಸಿಪಿಯು ಡಬ್ಬ ಎಳೆದು ಫಳಫಳ ಒರೆಸಿದೆ. (ಆ ಡಬ್ಬಕ್ಕೆ ಸಿಪಿಯು ಅನ್ನಬಾರದು, ಸಿಪಿಯು ಅಂದ್ರೆ ಒಳಗಿರೋ ಬಿಸ್ಕತ್ತಿನಷ್ಟು ಚಿಪ್ಪು ಅಂತ ತಿಳಿದವರು ಹೇಳ್ತಾರೆ. ಹೇಳಲಿ ಬಿಡಿ, ನಮ್ಮ ಬೀದಿಯಲ್ಲಿ ಆ ಡಬ್ಬವೇ ಸಿಪಿಯು.) ಆಮೇಲೆ ವೈರು ವಾಪಸ್ ಸಿಕ್ಕಿಸೋ ಹೊತ್ತು ಬಂತು. ಅಂದ್ರೆ ಟೇಬಲ್ ಕೆಳಗೆ ಬಗ್ಗಬೇಕು.

ಮಂಡಿ ಬೇಡ ಅಂತು. ಹೊಟ್ಟೆ ಸಾಧ್ಯವೇ ಇಲ್ಲ ಅಂತು. ಸರಿ, ಕೂತ ಕುರ್ಚಿಯಿಂದಲೇ ಕೈ ಹಿಂದಕ್ಕೆ ಚಾಚಿ, ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕೋರ ಹಾಗೆ ತಡಕಿ, ಬೆರಳಿಗೆ ಸಿಕ್ಕಿದ ತೂತಿಗೆ ಕೀಬೋರ್ಡಿನ ಪಿನ್ನು ತುರುಕಿದೆ. ಗಟ್ಟಿಯಾಗಿ ಕೂತ್ಕೊಳ್ತು. ‘ಅನುಭವ ಅಂದ್ರೆ ಇದು’ ಅಂತ ಬೆನ್ನು ನಾನೇ ತಟ್ಟಿಕೊಂಡೆ.

ಪೂಜೆಗೆ ಮಾನಿಟರಿನ ತಲೆಗೊಂದು ಸೇವಂತಿಗೆ, ಡಬ್ಬಕ್ಕೆ ಅರಿಶಿನ ಕುಂಕುಮ. ಮೌಸಿಗೆ? ಬೆನ್ನ ಮೇಲೆ ಗಂಧ ಹಚ್ಚಿದ್ರೆ ನಾಳೆ ಕೈಗೆ ಮೆತ್ತುತ್ತೆ ಅಂತ ದೂರಾಲೋಚನೆ ಮಾಡಿ, ತಿರುಗಿಸಿ ಹೊಟ್ಟೆಗೆ ಹಚ್ಚಿದೆ. ಚೆನ್ನಾಗಿಯೇ ಹಚ್ಚಿದೆ. (ಇಲಿ, ಗಣಪತಿ ಅಂತ ನೀವೀಗ ಜೋಕು ಶುರು ಮಾಡಬೇಡಿ. ಅದನ್ನ ಎಲ್ಲರೂ ಮಾಡಿ ಮುಗಿಸಿ ಆಗಿದೆ.)

ಮಾರನೇ ದಿನ ವಿಜಯದಶಮಿ. ಅಕ್ಟೋಬರ್ 2, ಗಾಂಧಿ ಜಯಂತಿಯೂ ಅವತ್ತೇ. ಒಳ್ಳೇ ದಿನ, ಏನಾದ್ರೂ ಬರೆಯೋದಕ್ಕೆ ಶುರು ಮಾಡೋಣ ಅಂತ ಮೀಸೆ ತೀಡಿಕೊಂಡು ಕೂತೆ. ಕಂಪ್ಯೂಟರು ಎದ್ದು ಪಾಸ್‌ವರ್ಡ್ ಕೇಳ್ತು. ಒತ್ತಿದೆ. ಒಂದು ಚುಕ್ಕೆಯೂ ಬೀಳಲಿಲ್ಲ. ಮೌಸು ಎಳೆದೆ. ಬಾಣದ ಗುರುತು ಬನ್ನಿಮರಕ್ಕೆ ಸಿಕ್ಕಿಕೊಂಡ ಗಾಳಿಪಟದ ಹಾಗೆ ಇದ್ದಲ್ಲೇ ಇತ್ತು.

ಎರಡೂ ಒಟ್ಟಿಗೆ! ‘ವೈರಸ್ಸು’ ಅಂದೆ. ಒಂದು ನಿಮಿಷ ಬಿಟ್ಟು ‘ಅಲ್ಲ, ಅಪ್‌ಡೇಟು’ ಅಂದೆ. ಒಳಗಿಂದ ನಮ್ಮನೆಯವಳು, ‘ವೈರು ಸರಿಯಾಗಿ ಸಿಕ್ಕಿಸಿದ್ದೀರೇನ್ರೀ?’ ಅಂದಳು. ಮೈಯೆಲ್ಲ ಉರಿದುಹೋಯ್ತು.

ಯಾಕೆ ಉರೀತು ಹೇಳಿ? ನಿಮಗೂ ಉರಿಯುತ್ತೆ, ನನಗೆ ಗೊತ್ತು. ಮದರ್‌ಬೋರ್ಡ್ ಸುಟ್ಟಿದೆ ಅಂದ್ರೆ ಅದೊಂದು ಮರ್ಯಾದಸ್ಥ ಕಾಯಿಲೆ. ನಾಲ್ಕು ಜನರ ಹತ್ತಿರ ಹೇಳ್ಕೋಬಹುದು. ವೈರು ಸಿಕ್ಕಿಸಿರಲಿಲ್ಲ ಅಂದ್ರೆ? ಅದು ಕಾಯಿಲೆಯಲ್ಲ, ಪೆದ್ದುತನ. ಪೆದ್ದ ಅನ್ನಿಸಿಕೊಳ್ಳೋದಕ್ಕಿಂತ ಮೂರು ಸಾವಿರ ರೂಪಾಯಿ ರಿಪೇರಿ ವಾಸಿ ಅನ್ನೋರು ನಾವು.

ರಜೆ ದಿನ, ರಿಪೇರಿ ಅಂಗಡಿ ಬಾಗಿಲು ಹಾಕಿತ್ತು. ಬೆಂಗಳೂರಲ್ಲಿರೋ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನದ್ದು ಆಫೀಸಿನ ಹೆಲ್ಪ್‌ಡೆಸ್ಕಲ್ಲಿ ಕೆಲಸ. ದಿನವಿಡೀ ನಮ್ಮಂಥವರ ಫೋನು ಎತ್ತೋದೇ ಅವನ ಉದ್ಯೋಗ. ‘ಮಾವ, ನಮ್‌ಲಾಕ್ ಒತ್ತಿ. ಮೇಲಿನ ಪುಟ್ಟ ದೀಪ ಹತ್ತಿ ಆರುತ್ತಾ ನೋಡಿ’ ಅಂದ. ‘ಹತ್ತುತ್ತಪ್ಪ, ಹತ್ತುತ್ತೆ’ ಅಂದೆ. (ಒತ್ತಿರಲೇ ಇಲ್ಲ. ನೀವು ಒತ್ತುತ್ತಿದ್ರಾ?)

ಆ ದೀಪದ ಪರೀಕ್ಷೆ ಇದೆಯಲ್ಲ, ಅದು ಡಾಕ್ಟರು ನಾಡಿ ಹಿಡಿದ ಹಾಗೆ. ನಮ್‌ಲಾಕ್ ಅಥವಾ ಕ್ಯಾಪ್ಸ್‌ಲಾಕ್ ಒತ್ತಿದಾಗೆಲ್ಲ ದೀಪ ಹತ್ತಿ ಆರಿದ್ರೆ ಕೀಬೋರ್ಡಿಗೂ ಕಂಪ್ಯೂಟರಿಗೂ ಇನ್ನೂ ಮಾತುಕತೆ ಇದೆ ಅಂತ ಅರ್ಥ. ದೀಪ ಕದಲದಿದ್ರೆ ಎರಡರಲ್ಲೊಂದು: ಕೀಬೋರ್ಡಿನ ಸಂಬಂಧ ಕಡಿದಿದೆ, ಇಲ್ಲಾ ಇಡೀ ಕಂಪ್ಯೂಟರೇ ಹ್ಯಾಂಗ್ ಆಗಿದೆ.

ಯಾವುದು ಅಂತ ಗೊತ್ತಾಗೋದು ಹೇಗೆ? ಪರದೆಯ ಮೂಲೆಯ ಗಡಿಯಾರ ನೋಡಿ. ಒಂದು ನಿಮಿಷ ಸುಮ್ಮನೆ ಕೂತು ನೋಡಿ (ಆಗುತ್ತಾ ನಿಮ್ಮ ಕೈಲಿ?). ನಿಮಿಷ ಮುಂದೆ ಸರಿದ್ರೆ ಕಂಪ್ಯೂಟರಿಗೆ ಜೀವ ಇದೆ, ತಂಟೆ ವೈರಿನ ಕಡೆ. ಗಡಿಯಾರವೂ ನಿಂತಿದ್ರೆ ಪವರ್ ಬಟನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಬೇಕು. ಸೇವ್ ಮಾಡದೆ ಬರೆದದ್ದು ಹೋಗುತ್ತೆ. ಸೇವ್ ಮಾಡಿರಲ್ಲ ನೀವು, ಅದೂ ಗೊತ್ತು.

ಅಳಿಯ ಕೇಳಿದ: ‘ಪಿನ್ನು ಸರಿಯಾಗಿದೆಯಾ ಮಾವ?’ ‘ನಾನೇನು ಮಂಕುದಿಣ್ಣೇನಾ?’ ಅಂದೆ. ಅವನು ತಕ್ಷಣ ರಾಗ ಬದಲಾಯಿಸಿದ: ‘ಛೇ ಛೇ, ಹಾಗಲ್ಲ. ಕೆಲವು ಸಲ ಪಿನ್ನಿನೊಳಗೆ ಧೂಳು ಕೂತಿರುತ್ತೆ. ಒಂದು ಸಲ ಕಿತ್ತು, ಬಟ್ಟೆಯಲ್ಲಿ ಒರೆಸಿ, ವಾಪಸ್ ಹಾಕಿ.’ ಧೂಳು! ಆ ಮಾತು ಎಷ್ಟು ಹಿತವಾಗಿತ್ತು ಅಂತೀರಿ.

ಆಮೇಲೆ ಬಾಯಿಬಿಟ್ಟ, ಅದು ಅವರ ವೃತ್ತಿಯ ಗುಟ್ಟಂತೆ. ‘ಸಿಕ್ಕಿಸಿದ್ದೀರಾ?’ ಅಂತ ಕೇಳಿದ್ರೆ ಎಲ್ಲರೂ ‘ಹೂಂ’ ಅಂತಾರೆ, ನೋಡಲ್ಲ. ‘ಧೂಳು ಒರೆಸಿ’ ಅಂದ್ರೆ ಮಾನ ಉಳಿಸಿಕೊಂಡು ಬಗ್ಗುತ್ತಾರೆ. ಬಗ್ಗಿದ ಮೇಲೆ ಗೊತ್ತಾಗುತ್ತೆ ಪಿನ್ನು ಹೊರಗೇ ನೇತಾಡ್ತಿತ್ತು ಅಂತ. ಎದ್ದು ಬಂದು ಫೋನಲ್ಲಿ, ‘ಹೌದು ಕಣ್ರೀ, ಬಹಳ ಧೂಳಿತ್ತು’ ಅಂತಾರೆ. ನೀವೂ ಹಾಗೇ ಅಂದಿದ್ದೀರಿ. ನೆನಪು ಮಾಡಿಕೊಳ್ಳಿ.

ನಾನು ಅಷ್ಟಕ್ಕೂ ಬಗ್ಗೋ ಆಸಾಮಿಯಲ್ಲ. ಕೊನೆಗೆ ಅವನೇ, ‘ಹೋಗಲಿ, ಮೊಬೈಲು ಡಬ್ಬದ ಹಿಂದೆ ಹಿಡಿದು ಒಂದು ಫೋಟೋ ತೆಗೆದು ಕಳಿಸಿ’ ಅಂದ. ಕೈ ಮಾತ್ರ ಬಗ್ಗಿತು. ಕಳಿಸಿದೆ. ಅರ್ಧ ನಿಮಿಷಕ್ಕೆ ಉತ್ತರ ಬಂತು: ‘ಮಾವ, ಕೀಬೋರ್ಡು ಇಂಟರ್‌ನೆಟ್ಟಿನ ತೂತಲ್ಲಿ ಕೂತಿದೆ.’

ನಂಬಲ್ವಾ? ಈಗಲೇ ಹೋಗಿ ನೋಡಿ. ಲ್ಯಾನ್ ವೈರಿಗೆ ಅಂತ ಇರೋ ಆ ಚೌಕದ ತೂತಿಗೆ ಯುಎಸ್‌ಬಿ ಪಿನ್ನು ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಹೋಗಿ ಕೂತ್ಕೊಳ್ಳುತ್ತೆ. ಬಿಗಿಯಾಗಿ. ಕರೆಂಟಿಲ್ಲ, ಮಾತಿಲ್ಲ, ಬರೀ ಬಿಗಿ. ಬೆರಳ ತುದಿಗೆ ವ್ಯತ್ಯಾಸ ತಿಳಿಯೋದೇ ಕಷ್ಟ. ಕಣ್ಣಿಗೆ ಮಾತ್ರ ತಿಳಿಯುತ್ತೆ, ಕಣ್ಣು ಅಲ್ಲಿಗೆ ಹೋಗಬೇಕಾದ್ರೆ ಸೊಂಟ ಬಗ್ಗಬೇಕು.

ಯುಎಸ್‌ಬಿ ವಿಷಯಕ್ಕೆ ಬಂದ್ವಿ, ಒಂದು ಸಮಾಧಾನ ಹೇಳ್ತೀನಿ. ಅದನ್ನ ಒಂದು ಕಡೆ ತಿರುಗಿಸಿ ಹಾಕ್ತೀರಿ, ಹೋಗಲ್ಲ. ತಿರುಗಿಸ್ತೀರಿ, ಆಗಲೂ ಹೋಗಲ್ಲ. ಮತ್ತೆ ಮೊದಲಿನ ಹಾಗೇ ಹಾಕ್ತೀರಿ, ಸಲೀಸಾಗಿ ಹೋಗುತ್ತೆ. ಇದು ನಿಮ್ಮೊಬ್ಬರ ಕರ್ಮವಲ್ಲ, ಇಡೀ ಪ್ರಪಂಚದ್ದು.

1996ರಲ್ಲಿ ಹೊರಬಂದ ಈ ಯುಎಸ್‌ಬಿಯನ್ನು ರೂಪಿಸಿದವರಲ್ಲಿ ಮುಖ್ಯರು ನಮ್ಮ ವಡೋದರದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಇಂಟೆಲ್ ಸೇರಿದ ಅಜಯ್ ಭಟ್. ಎರಡೂ ಕಡೆಯಿಂದ ಹೋಗೋ ಹಾಗೆ ಮಾಡಿದ್ರೆ ವೈರೂ ಖರ್ಚೂ ಹೆಚ್ಚಾಗ್ತಿತ್ತು ಅನ್ನೋದು ಅವರ ಸಮಜಾಯಿಷಿ. ಉಳಿತಾಯದ ಲೆಕ್ಕ ಹಾಕಿದ್ದು ಗುಜರಾತಿನವರು ಅಂದ ಮೇಲೆ ಎದುರು ಮಾತಾಡೋದುಂಟಾ?

ಅದಕ್ಕೆ ಮುಂಚಿನ ಗುಂಡು ಪಿನ್ನು ನೆನಪಿದೆಯಾ? ನೇರಳೆ ಬಣ್ಣದ್ದು ಕೀಬೋರ್ಡಿಗೆ, ಹಸಿರಿನದು ಮೌಸಿಗೆ. ಪಿಎಸ್/2 ಅಂತ ಹೆಸರು, 1987ರಲ್ಲಿ ಐಬಿಎಂ ತಂದದ್ದು. ಎರಡೂ ಒಂದೇ ಆಕಾರ, ಆದ್ರೆ ಅದಲುಬದಲಾದ್ರೆ ಕೆಲಸ ಮಾಡದು. ನಿಮ್ಮ ಹಳೇ ಡಬ್ಬಕ್ಕೆ ಇನ್ನೂ ಅದೇ ಇದ್ರೆ ಒಂದು ಮಾತು: ಕಂಪ್ಯೂಟರ್ ನಡೀತಿರುವಾಗ ಕಿತ್ತು ಹಾಕಬೇಡಿ. ಆರಿಸಿ, ಸಿಕ್ಕಿಸಿ, ಮತ್ತೆ ಹಚ್ಚಿ. ಬಲವಂತ ಮಾಡಿ ಒಳಗಿನ ಸೂಜಿಕಡ್ಡಿ ಬಗ್ಗಿಸಬೇಡಿ. (ಬಗ್ಗಬೇಕಾದ್ದು ಅದಲ್ಲ, ನೀವು.)

ಕೀಬೋರ್ಡಿನ ಮಾನ ಹೋಯ್ತು. ಮೌಸಿಂದು? ಅದರದ್ದು ಬೇರೆ ಕಥೆ. ಕೆಳಗೆ ಕೆಂಪು ದೀಪ ಉರೀತಿತ್ತು. ಕ್ಲಿಕ್ ಮಾಡಿದ್ರೆ ಓಗೊಡ್ತಿತ್ತು. ನಡೀತಾ ಮಾತ್ರ ಇರಲಿಲ್ಲ. ದೀಪ ಉರೀತಿದೆ ಅಂದ್ರೆ ಕರೆಂಟು ಹೋಗ್ತಿದೆ. ಕ್ಲಿಕ್ ಕೇಳಿಸ್ತಿದೆ ಅಂದ್ರೆ ವೈರು ಸರಿಯಿದೆ. ಹೋದದ್ದು ಕಣ್ಣು.

ಹೌದು, ಮೌಸಿಗೆ ಕಣ್ಣಿರೋದು ಹೊಟ್ಟೆಯಲ್ಲಿ. ಆ ದೀಪದ ಪಕ್ಕದಲ್ಲೊಂದು ಪುಟಾಣಿ ಕ್ಯಾಮೆರಾ ಕೂತು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಟೇಬಲ್ಲಿನ ಫೋಟೋ ತೆಗೀತಿರುತ್ತೆ. ಒಂದು ಫೋಟೋಕ್ಕೂ ಮುಂದಿನದಕ್ಕೂ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕಿ ಬಾಣ ಓಡಿಸುತ್ತೆ. ನಾನು ಅದರ ಕಣ್ಣಿಗೇ ಗಂಧ ಮೆತ್ತಿದ್ದೆ, ಭಕ್ತಿಯಿಂದ. ಒಣಗಿ ಹೆಕ್ಕಳ ಕಟ್ಟಿತ್ತು. ಒಣ ಇಯರ್‌ಬಡ್ಡಲ್ಲಿ ಮೆಲ್ಲಗೆ ಒರೆಸಿದ ಮೇಲೆ ಲೋಕ ಕಂಡಿತು ಅದಕ್ಕೆ.

ಇದೇ ಕಾರಣಕ್ಕೆ ಗಾಜಿನ ಟೇಬಲ್ಲಿನ ಮೇಲೆ, ಕನ್ನಡಿಯಂಥ ಗ್ರಾನೈಟಿನ ಮೇಲೆ ಮೌಸು ದಾರಿ ತಪ್ಪುತ್ತೆ. ಫೋಟೋದಲ್ಲಿ ಗುರುತೇ ಸಿಗದಿದ್ರೆ ಪಾಪ ಅದಾದ್ರೂ ಏನು ಮಾಡೀತು? ಮೌಸ್‌ಪ್ಯಾಡಿಗೆ ದುಡ್ಡು ಕೊಡೋಕೆ ನಿಮಗೆ ಮನಸ್ಸು ಬರಲ್ಲ, ಗೊತ್ತು. ಬೀರು ಮೇಲೆ ಹಳೇ ಲಗ್ನಪತ್ರಿಕೆ ಇರುತ್ತಲ್ಲ, ಮಿಂಚದ ದಪ್ಪ ಕಾಗದದ್ದೊಂದು ಹುಡುಕಿ ಅಡಿಗೆ ಹಾಕಿ. ಆ ದಂಪತಿಗೂ ಉಪಕಾರವಾಗುತ್ತೆ, ಅವರನ್ನ ದಿನಾ ನೆನೆಸಿಕೊಂಡ ಹಾಗಾಗುತ್ತೆ.

ಹಿಂದೆ ಮೌಸಿನ ಹೊಟ್ಟೆಯೊಳಗೆ ಗೋಲಿ ಇರ್ತಿತ್ತು. ಸೈಬರ್ ಕೆಫೆಗಳ ಕಾಲದ ರಬ್ಬರಿನ ಗೋಲಿ, ನೆನಪಾಯ್ತಾ? ಅದರ ಮಗ್ಗುಲಿನ ಉರುಳೆಗೆ ಸುತ್ತಿಕೊಂಡ ಕೊಳೆಯನ್ನ ಉಗುರಲ್ಲಿ ಕೆರೆದು ತೆಗೆಯೋ ಸುಖವೇ ಬೇರೆ. ಅದಕ್ಕೂ ಹಿಂದೆ, 1964ರಲ್ಲಿ ಅಮೆರಿಕದ ಡಗ್ಲಸ್ ಎಂಗಲ್‌ಬಾರ್ಟ್ ಯೋಚಿಸಿ ಮಾಡಿಸಿದ ಮೊದಲನೇ ಮೌಸು ಮರದ ಡಬ್ಬಿ, ಕೆಳಗೆ ಎರಡು ಚಕ್ರ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ಓಡಿಸಿ ತೋರಿಸಿದ. ಅಂದಿನಿಂದ ಇಂದಿನವರೆಗೆ ಮೌಸಿನ ರಹಸ್ಯವೆಲ್ಲ ಅಡಿಭಾಗದಲ್ಲೇ ಇದೆ. ನಾವು ನೋಡೋದು ಬೆನ್ನು.

‘ನಮ್ಮದು ವೈರ್‌ಲೆಸ್ಸು, ನಮಗೀ ರಗಳೆ ಇಲ್ಲ’ ಅಂತ ಬೀಗಬೇಡಿ. ನಿಮ್ಮದು ಸೆಲ್ಲಿನ ರಗಳೆ. ಸೆಲ್ಲು ಮುಗಿದಾಗ ಹೊಸದು ತರ್ತೀರಾ? ಎಲ್ಲಿ! ಮುಚ್ಚಳ ತೆಗೆದು ಹೆಬ್ಬೆಟ್ಟಲ್ಲಿ ನಾಲ್ಕು ಸುತ್ತು ಉರುಳಿಸ್ತೀರಿ. ಟಿವಿ ರಿಮೋಟಿನದು ತೆಗೆದು ಮೌಸಿಗೆ, ಗೋಡೆ ಗಡಿಯಾರದ್ದು ತೆಗೆದು ರಿಮೋಟಿಗೆ. ಸಂಜೆ ಗಡಿಯಾರ ನಿಂತಿದೆ ಅಂತ ಮತ್ತೆ ಕೂಗು, ‘ಯಾರು ಮುಟ್ಟಿದ್ದು ಇದನ್ನ?’

ಹೊಸ ಸೆಲ್ಲು ಹಾಕಿಯೂ ಏಳಲಿಲ್ವಾ? ಹೊಟ್ಟೆ ಕೆಳಗೊಂದು ಪುಟ್ಟ ಆನ್-ಆಫ್ ಸ್ವಿಚ್ಚಿರುತ್ತೆ, ಸವರಿ ನೋಡಿ. (ಕುಟ್ಟಿದ್ರಲ್ಲ ಆವಾಗ, ಆಗಲೇ ಆಫ್ ಆಗಿರಬಹುದು.) ಮೌಸಿನ ಜೊತೆ ಬಂದ, ಉಗುರಿನಷ್ಟು ದೊಡ್ಡ ಡಾಂಗಲ್ಲು ಡಬ್ಬದ ಬೆನ್ನ ಹಿಂದೆ ಇದ್ರೆ ಮುಂದಿನ ತೂತಿಗೆ ಹಾಕಿ. ಅದು ಮಾತಾಡೋದು 2.4 ಗಿಗಾಹರ್ಟ್ಸಿನ ರೇಡಿಯೋ ಅಲೆಯಲ್ಲಿ. ಪಕ್ಕದ ನೀಲಿ ಯುಎಸ್‌ಬಿಯಲ್ಲಿ ಹಾರ್ಡ್‌ಡಿಸ್ಕು ಕೆಲಸ ಮಾಡ್ತಿದ್ರೆ ಅದರ ಗದ್ದಲ ಇದೇ ಅಲೆಯಲ್ಲಿ ಕೇಳಿಸುತ್ತೆ. ಮದುವೆ ಮನೆ ವಾಲಗದ ಪಕ್ಕ ನಿಂತು ಗುಟ್ಟು ಹೇಳಿದ್ರೆ ಕೇಳಿಸುತ್ತಾ?

ಇನ್ನು ಒಂದೇ ಒಂದು ಕೀ ಕೈಕೊಡೋದಿದೆಯಲ್ಲ, ಅದು ಕನ್ನಡದವರಿಗೆ ಬಂದ ವಿಶೇಷ ಕಷ್ಟ. ನುಡಿ ತಂತ್ರಾಂಶದಲ್ಲಿ ಟೈಪು ಮಾಡೋರಿಗೆ ಗೊತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದ್ರೆ ನಡುವೆ ‘ಎಫ್’ ಒತ್ತಬೇಕು. ಆ ಎಫ್ ಕೆಟ್ಟರೆ? ಅಪ್ಪ ಹೋಗಿ ‘ಅಪಪ’, ಅಮ್ಮ ‘ಅಮಮ’, ಅಕ್ಕ ‘ಅಕಕ’, ಅಣ್ಣ ‘ಅಣಣ’. ನಮ್ಮ ಇಡೀ ಸಂಸಾರ ನಿಂತಿರೋದು ಒತ್ತಿನ ಮೇಲೆ ಸ್ವಾಮಿ. ಪಾರಾಗೋರು ಮಾವ, ಭಾವ, ತಂಗಿಯಂಥ ಕೆಲವರು ಮಾತ್ರ.

ಶಿಫ್ಟು ಕೆಟ್ಟರೆ ಮಹಾಪ್ರಾಣ ಹೋಗುತ್ತೆ (ನಮ್ಮ ಕಡೆ ಮಾತಲ್ಲಿ ಅದು ಹೇಗೂ ಇಲ್ಲ, ಚಿಂತೆಯಿಲ್ಲ). ಆದ್ರೆ ಕೀ ಯಾಕೆ ಕೆಡ್ತು? ಕಂಪ್ಯೂಟರ್ ಆರಿಸಿ, ಕೀಬೋರ್ಡಿನ ಪಿನ್ನು ಕಿತ್ತು, ಪೇಪರಿನ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟಿ ನೋಡಿ. ಉದುರುತ್ತೆ: ಕೋಡುಬಳೆ ಚೂರು, ಖಾರಾಬೂಂದಿ, ಒಂದು ಕರಿಬೇವಿನೆಲೆ, ಹೋದ ವರ್ಷದ ಆಯುಧಪೂಜೆಯ ಪುರಿ. ‘ನಾನು ಕಂಪ್ಯೂಟರ್ ಮುಂದೆ ತಿನ್ನೋದೇ ಇಲ್ಲ’ ಅಂದಿರಲ್ಲ, ಈಗ ಹೇಳಿ.

ಚೂರು ಉದುರೀತು, ಕಾಫಿ ಉದುರಲ್ಲ. ಚೆಲ್ಲಿದ ಕೂಡಲೇ ಕಂಪ್ಯೂಟರ್ ಆರಿಸಿ, ಕೀಬೋರ್ಡು ಕಿತ್ತು ಬೋರಲು ಹಾಕಿ, ಒಂದೆರಡು ದಿನ ಗಾಳಿಗೆ ಬಿಡಬೇಕು. ಹೇರ್‌ಡ್ರೈಯರಿನ ಬಿಸಿಗಾಳಿ, ಬಿಸಿಲಿನ ಮಾಳಿಗೆ, ಎರಡೂ ಬೇಡ. ನೀರು ಆರಿಹೋಗುತ್ತೆ, ಸಕ್ಕರೆ ಪಾಕದ ಹಾಗೆ ಒಳಗೇ ಉಳಿದು ಕೀ ಅಂಟುತ್ತೆ. ಡಾಕ್ಟರು ಸಕ್ಕರೆ ಬಿಡಿ ಅಂದಾಗ ಬಿಟ್ಟಿದ್ರೆ ಕೀಬೋರ್ಡಾದ್ರೂ ಉಳೀತಿತ್ತು.

ಈಗ ಒಂದು ವಿಚಿತ್ರ ಕೇಸು. ಕೀಬೋರ್ಡಿಗೆ ದೀಪ ಬರುತ್ತೆ, ಪಿನ್ನು ಸರಿ, ಆದ್ರೂ ಅಕ್ಷರ ಬೀಳಲ್ಲ. ಒತ್ತಿ ಹಿಡಿದ್ರೆ ಮಾತ್ರ ಬೀಳುತ್ತೆ. ಭೂತ ಅಲ್ಲ. ವಿಂಡೋಸಿನಲ್ಲಿ ಬಲಗಡೆ ಶಿಫ್ಟನ್ನು ಎಂಟು ಸೆಕೆಂಡು ಒತ್ತಿ ಹಿಡಿದ್ರೆ ಫಿಲ್ಟರ್ ಕೀಸ್ ಅನ್ನೋದು ಚಾಲೂ ಆಗುತ್ತೆ. ಕೈ ನಡುಗೋರಿಗೆ ಅನುಕೂಲವಾಗಲಿ ಅಂತ ಮಾಡಿದ್ದು. ಚುಟುಕಾಗಿ ತಗುಲಿದ ಒತ್ತನ್ನ ಅದು ಲೆಕ್ಕಕ್ಕೇ ಹಿಡಿಯಲ್ಲ.

ಎಂಟು ಸೆಕೆಂಡು ಯಾರು ಒತ್ತಿದ್ದು? ನೀವೇ, ಮೊಣಕೈಯಲ್ಲಿ. ನಾದಿನಿ ಜೊತೆ ಫೋನಲ್ಲಿ ಸೈಟಿನ ರೇಟು ಮಾತಾಡ್ತಾ ಕೀಬೋರ್ಡಿನ ಮೇಲೆ ಒರಗಿದ್ರಲ್ಲ, ಆವಾಗ. ಪರದೆ ಮೇಲೆ ಒಂದು ಪೆಟ್ಟಿಗೆ ಬಂದು ‘ಮಾಡಲೇ?’ ಅಂತ ಕೇಳಿಯೂ ಇರುತ್ತೆ. ಓದದೆ ‘ಎಸ್’ ಒತ್ತಿರ್ತೀರಿ. (ಜೀವನದಲ್ಲಿ ಯಾವ ಪೆಟ್ಟಿಗೆಯನ್ನ ಓದಿ ಒತ್ತಿದ್ದೀರಿ?) ಅದೇ ಬಲಗಡೆ ಶಿಫ್ಟು ಮತ್ತೆ ಎಂಟು ಸೆಕೆಂಡು ಹಿಡಿದ್ರೆ ಬಿಡುಗಡೆ.

ಕೀಬೋರ್ಡು, ಮೌಸಿನಲ್ಲಿ ಒಂದು ಮಾತ್ರ ಕೈಕೊಟ್ಟು ಇನ್ನೊಂದು ಬದುಕಿದ್ರೆ ಗಂಡ ಹೆಂಡತಿ ಸಂಸಾರದ ಹಾಗೆ ಒಂದರಲ್ಲೇ ತೂಗಿಸಬಹುದು. ಮೌಸು ಸತ್ತಿದೆಯಾ? ವಿಂಡೋಸ್ ಕೀ ಒತ್ತಿ, ಟ್ಯಾಬು, ಬಾಣ, ಎಂಟರ್ ಮೂರರಲ್ಲೇ ಊರು ಸುತ್ತಬಹುದು. ಎಡಗಡೆ ಆಲ್ಟ್, ಎಡಗಡೆ ಶಿಫ್ಟ್, ನಮ್‌ಲಾಕ್ ಮೂರೂ ಒಟ್ಟಿಗೆ ಒತ್ತಿ ಎಂಟರ್ ಹೊಡೆದ್ರೆ ಬಲಬದಿಯ ಅಂಕಿಗಳೇ ಮೌಸು: 4, 6 ಅಂದ್ರೆ ಅಕ್ಕಪಕ್ಕ, 8, 2 ಅಂದ್ರೆ ಮೇಲೆ ಕೆಳಗೆ, 5 ಅಂದ್ರೆ ಕ್ಲಿಕ್.

ಕೀಬೋರ್ಡು ಸತ್ತಿದೆಯಾ? ಪಾಸ್‌ವರ್ಡ್ ಕೇಳೋ ಪರದೆಯ ಕೆಳಗೆ ಬಲಮೂಲೆಯಲ್ಲಿ ಒಬ್ಬ ಮನುಷ್ಯನ ಚಿತ್ರವೋ ಗಡಿಯಾರದಂಥ ಗುರುತೋ ಇರುತ್ತೆ. ಅದನ್ನ ಕ್ಲಿಕ್ಕಿಸಿ, ಬರೋ ಪಟ್ಟಿಯಲ್ಲಿ ಕೀಬೋರ್ಡನ್ನ ಆಯ್ದುಕೊಂಡ್ರೆ ಪರದೆ ಮೇಲೇ ಕೀಬೋರ್ಡು ಮೂಡುತ್ತೆ. ಒಂದೊಂದೇ ಅಕ್ಷರ ಕುಟುಕಿ ಒಳಗೆ ಹೋಗಬಹುದು. (ಪಕ್ಕದಲ್ಲಿ ಯಾರೂ ಇಲ್ಲ ತಾನೇ? ಪಾಸ್‌ವರ್ಡ್ ಹೆಂಡತಿ ಹೆಸರೋ, ಬೇರೆಯದೋ, ಗೊತ್ತಾಗಿಬಿಡುತ್ತೆ.)

ಕಂಪ್ಯೂಟರು ತಾನೂ ಕಮ್ಮಿ ತಮಾಷೆ ಮಾಡಲ್ಲ. ಹಳೇ ಡಬ್ಬಗಳು ಶುರುವಾಗುವಾಗ ಕೀಬೋರ್ಡ್ ಕಾಣದಿದ್ರೆ ಕಪ್ಪು ಪರದೆ ಮೇಲೆ ಬರೀತಿದ್ವು: ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ. ಯಾತರಲ್ಲಿ ಒತ್ತೋದು? ಮೂಗಲ್ಲಾ? ಆದ್ರೂ ಆ ಕಪ್ಪು ಪರದೆ ಉಪಯೋಗಕ್ಕೆ ಬರುತ್ತೆ. ಶುರುವಾಗುವಾಗಲೇ ಡಿಲೀಟ್ ಅಥವಾ ಎಫ್2 ತಟ್ಟಿ, ವಿಂಡೋಸಿಗಿಂತ ಮೊದಲೇ ಏಳೋ ಬಯೋಸ್ ಒಳಗೆ ಹೋಗೋಕಾದ್ರೆ ನಿಮ್ಮ ಕೀಬೋರ್ಡು ಗಟ್ಟಿಯಿದೆ, ಹುಳುಕು ವಿಂಡೋಸಿಂದು. ಅಲ್ಲೂ ಕೆಲಸ ಮಾಡದಿದ್ರೆ ಬೇರೆ ತೂತು, ಬೇರೆ ಕೀಬೋರ್ಡು ಹಾಕಿ ನೋಡಿ. ಪಕ್ಕದ ಮನೆಯಿಂದ ಕಾಫಿಪುಡಿ ಸಾಲ ತರ್ತೀರಲ್ಲ, ಕೀಬೋರ್ಡೂ ತನ್ನಿ.

‘ಹಾಗಾದ್ರೆ ಅಪ್‌ಡೇಟಿಂದ ಏನೂ ಆಗಲ್ವಾ?’ ಅಂತ ನೀವು ಕೇಳ್ತೀರಿ, ಗೊತ್ತು. ನಿಮಗೆ ಒಬ್ಬ ಅಪರಾಧಿ ಬೇಕೇ ಬೇಕು. ಆಗುತ್ತೆ. ನನ್ನ ಮಾನ ಹೋಗಿ ಹನ್ನೆರಡೇ ದಿನಕ್ಕೆ, ಅದೇ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಅಪ್‌ಡೇಟಿನಲ್ಲಿ ನಿಜವಾಗಲೂ ಇಂಥ ಎಡವಟ್ಟಿತ್ತು. ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆ ಅಂತ ಬರೋ ನೀಲಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಎರಡೂ ಕೆಲಸ ಮಾಡ್ತಿರಲಿಲ್ಲ. ಆಸ್ಪತ್ರೆಗೆ ಹೋದ್ರೆ ಬಾಗಿಲಿಗೇ ಬೀಗ ಅನ್ನೋ ಹಾಗೆ.

ಮಿಕ್ಕ ಹೊತ್ತಿನಲ್ಲಿ ಎಲ್ಲಾ ಸರಿಯೇ ಇತ್ತು. ಆ ನೀಲಿ ಪರದೆಯಲ್ಲೂ ಹಳೇ ನೇರಳೆ ಪಿನ್ನಿನ ಕೀಬೋರ್ಡು ಮಾತ್ರ ಓಡ್ತಿತ್ತು. (ಅಟ್ಟಕ್ಕೆ ಹಾಕಿದ ಅಜ್ಜಿಯ ಒರಳುಕಲ್ಲು ಕರೆಂಟು ಹೋದ ದಿನ ನೆನಪಾಗುತ್ತಲ್ಲ, ಹಾಗೆ.) ಅಕ್ಟೋಬರ್ 20ರಂದು, ನರಕಚತುರ್ದಶಿ ದಿನ, ಮೈಕ್ರೋಸಾಫ್ಟು ತುರ್ತಾಗಿ ಇನ್ನೊಂದು ಅಪ್‌ಡೇಟ್ ಕಳಿಸಿ ಸರಿಮಾಡಿತು. ನಾನು ಅಳಿಯನಿಗೆ ಫೋನು ಮಾಡಿ, ‘ನೋಡಿದ್ಯಾ, ನಾನು ಅವತ್ತೇ ಅಪ್‌ಡೇಟು ಅಂದಿದ್ದೆ’ ಅಂದೆ. ‘ಹೌದು ಮಾವ, ಹನ್ನೆರಡು ದಿನ ಮುಂಚೇನೇ ಅಂದಿದ್ರಿ’ ಅಂದ.

ಅವತ್ತು ನಾನು ಅಳಿಯನ ಬದಲು ಅಂಗಡಿಯವನನ್ನು ಕರೆಸಿದ್ದಿದ್ರೆ ಏನಾಗ್ತಿತ್ತು ಅಂತ ಯೋಚಿಸಿ. ಬಂದು, ತಲೆ ಅಲ್ಲಾಡಿಸಿ, ‘ಫಾರ್ಮ್ಯಾಟ್ ಹೊಡೀಬೇಕು ಸಾರ್’ ಅಂತಿದ್ದ. ಅವನ ತಪ್ಪೇನು? ನಮಗೂ ಅದೇ ಇಷ್ಟ. ‘ಲ್ಯಾನ್ ತೂತಲ್ಲಿ ಹಾಕಿದ್ರಿ, ತೆಗೆದು ಹಾಕಿದೆ’ ಅಂತ ನಿಜ ಹೇಳಿದ್ರೆ ನೂರು ರೂಪಾಯಿ ಕೊಡೋಕೂ ಮುಖ ಗಂಟು ಹಾಕ್ತೀವಿ. ದೊಡ್ಡ ಹೆಸರು ಹೇಳಿದ್ರೆ ಕಾಫಿ ಕೊಟ್ಟು ಸಾವಿರ ಕೊಡ್ತೀವಿ.

ಅದಕ್ಕೇ ನಿಮಗೊಂದು ಮಾತು. ಮುಂದಿನ ಸಲ ಕೀಬೋರ್ಡು, ಮೌಸು ಯಾವುದು ನಿಂತ್ರೂ ಕುಟ್ಟಬೇಡಿ, ಕೂಗಬೇಡಿ, ಅಳಿಯನಿಗೆ ಫೋನು ಬೇಡ. ಟಾರ್ಚು ಹಿಡಿದು ಟೇಬಲ್ ಕೆಳಗೆ ಬಗ್ಗಿ. ವೈರು ಸಿಗದಿದ್ರೂ ಕಳೆದುಹೋಗಿದ್ದ ಪೆನ್ನಿನ ಮುಚ್ಚಳ, ಒಂದು ಐದು ರೂಪಾಯಿ ನಾಣ್ಯ ಸಿಗುತ್ತೆ. ನನಗೆ ಸಿಕ್ಕಿತು. ಹೌದು, ಕೊನೆಗೆ ನಾನೂ ಬಗ್ಗಿದೆ. ಮಂಡಿ ಮುರೀಲಿಲ್ಲ. ಪಿನ್ನು ಕಿತ್ತು ಪಕ್ಕದ ತೂತಿಗೆ ಹಾಕಿದೆ, ನಮ್‌ಲಾಕ್ ಒತ್ತಿದೆ (ಈ ಸಲ ನಿಜವಾಗಲೂ), ದೀಪ ಹತ್ತಿತು.

ನಮ್ಮನೆಯವಳು ಬಂದು, ‘ಏನಾಗಿತ್ತಂತೆ?’ ಅಂದಳು. ‘ಬಹಳ ಧೂಳಿತ್ತು ಕಣೇ’ ಅಂದೆ. ಆ ಲ್ಯಾನ್ ತೂತಿನ ಮೇಲೆ ಈಗ ಒಂದು ತುಂಡು ಬಿಳೀ ಟೇಪು ಅಂಟಿಸಿದ್ದೀನಿ. ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ‘ಇದಲ್ಲ’ ಅಂತ ಬರೆದಿದೆ. ಓದೋಕೆ ಬಗ್ಗಲೇಬೇಕು.